ಮದ್ದಳೆಯ ಅಧ್ಯಾಪಕತ್ವ: ಹಿರಿಯಡ್ಕ ಗೋಪಾಲರಾಯರ ಸಾಧನೆಯ ವಿಮರ್ಶೆ

ಪಾಶ್ಚಾತ್ಯ ವಿಶ್ವವಿದ್ಯಾನಿಲಯಗಳಲ್ಲಿ ತಾಳವಾದ್ಯದ ಪ್ರಾಧ್ಯಾಪಕ ಎಂಬ ಹುದ್ದೆಯೊಂದುಂಟು. ಅದಕ್ಕೆ ಬಹು ದೀರ್ಘವಾದ ಇತಿಹಾಸವೇನೂ ಇಲ್ಲ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದಲ್ಲಿ ಕ್ಲೇರ್ ಓಮರ್ ಮಸ್ಸರ್ ಎಂಬಾತ 1942ರಿಂದ 1952ರವರೆಗೆ ಮರಿಂಬಾ ವಾದ್ಯದ ಪಾಠ ಹೇಳಿದನು. ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಪಾಲ್ ಪ್ರೈಸ್ ಎಂಬಾತ 1950ರಲ್ಲಿ ತಾಳವಾದ್ಯಗಳ ಮೇಳವನ್ನು ಪರೀಕ್ಷೆಯ ಅಂಕಗಳಿಗೆ ಅರ್ಹವಾದ ಪಾಠವನ್ನಾಗಿ ಮಾಡಿಸಿದನು. ಜಪಾನಿನಲ್ಲಿ 1937ರಲ್ಲಿ ಜನಿಸಿದ ಕೇಕೊ ಆಬೆ ಎಂಬ ಮಹಿಳೆ ಟೋಕಿಯೋದ ತೋಹೊ ಗಾಕುಎನ್ ಸಂಗೀತ ವಿದ್ಯಾಲಯದಲ್ಲಿ ಅಧ್ಯಾಪಕಿಯಾಗಿ, ಅದೇ ಕಾಲದಲ್ಲಿ ಲೋಕವೆಲ್ಲ ಸುತ್ತಿ ಮರಿಂಬಾ ನುಡಿಸಿ, ಆ ವಾದ್ಯಕ್ಕಾಗಿ ಹೊಸ ಕೃತಿಗಳನ್ನು ತಾನೂ ರಚಿಸಿ ಇತರರಿಂದಲೂ ರಚಿಸಿಸಿದರು. ಇವರೆಲ್ಲರ ವೃತ್ತಿಜೀವನವನ್ನು ಕುರಿತು ಅಲ್ಲಿಯ ವಿದ್ವಾಂಸರು ಪ್ರಬಂಧಗಳನ್ನು ಬರೆದಿದ್ದಾರೆ. ವಾದಕನೊಬ್ಬನ ಬದುಕು ಸಂಶೋಧನೆಗೆ ಯೋಗ್ಯವಾದ ವಿಷಯವೆಂಬುದರಲ್ಲಿ ಅವರಿಗೆ ಸಂದೇಹ ಬಂದಂತೆ ತೋರುವುದಿಲ್ಲ.

ನಮ್ಮಲ್ಲಿ ಆ ಸಂದೇಹವು ಇನ್ನೂ ಉಳಿದಿದೆ. ಯಕ್ಷಗಾನವನ್ನು ಕುರಿತು ನಮ್ಮ ಕನ್ನಡ ವಿಭಾಗಗಳಲ್ಲಿ ನಡೆಯುವ ಅಧ್ಯಯನದ ಹೆಚ್ಚಿನ ಪಾಲು ಪ್ರಸಂಗಸಾಹಿತ್ಯಕ್ಕೆ ಮೀಸಲು. ಕವಿಯ ಕಾಲ, ಕಾವ್ಯದ ಆಕರ, ಛಂದಸ್ಸಿನ ಬಂಧ, ಪಾತ್ರಗಳ ಸ್ವಭಾವ ಇವುಗಳನ್ನು ಕುರಿತು ಪುಟಗಟ್ಟಲೆ ಬರೆಯುತ್ತೇವೆ. ಇರುಳಿಡೀ ಆ ಪದ್ಯಗಳಿಗೆ ಪ್ರಾಣವನ್ನು ಕೊಟ್ಟ ಚರ್ಮವಾದ್ಯದ ಮಾತು ಬಂದಾಗ ಒಂದು ವಾಕ್ಯವನ್ನು ಬರೆದು ಮುಂದೆ ಸಾಗುತ್ತೇವೆ. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ವು 1957ರಲ್ಲಿ ಹೊರಬಂದು 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಮನ್ನಣೆಯನ್ನು ಪಡೆಯಿತು. ರಂಗ, ವೇಷ, ಗಾನ, ಕುಣಿತಗಳನ್ನು ಒಟ್ಟಾಗಿ ಕಂಡ ಆ ಗ್ರಂಥ ತೋರಿದ ಹಾದಿಯಲ್ಲಿ ನಡೆದವರು ಎಷ್ಟು ಮಂದಿ ಎಂದು ಕೇಳಿದರೆ ನಾವು ತಲೆತಗ್ಗಿಸಬೇಕಾಗುತ್ತದೆ. ಪ್ರಕೃತ ಲೇಖನದಲ್ಲಿ ಬಡಗುತಿಟ್ಟಿನ ಮದ್ದಳೆಗಾರರಾದ ಹಿರಿಯಡ್ಕ ಗೋಪಾಲರಾಯರ ಸಾಧನೆಯನ್ನು, ಮೇಲೆ ಹೇಳಿದ ವಿಶ್ವವಿದ್ಯಾನಿಲಯದ ವಾದಕರ ಸಾಧನೆಯೊಡನೆ ಹೋಲಿಸಿ ನೋಡಲು ಯತ್ನಿಸುತ್ತೇವೆ. ಹೋಲಿಕೆಯಿಂದ ಗೋಪಾಲರಾಯರಿಗೆ ಗೌರವವನ್ನು ಗಳಿಸಿಕೊಡುವ ಉದ್ದೇಶ ನಮ್ಮದಲ್ಲ. ಅದು ಅವರಿಗೆ ಬೇಕಾಗಿಯೂ ಇರಲಿಲ್ಲ. ಎರಡು ಬಗೆಯ ಅಧ್ಯಾಪಕತ್ವಗಳ ನಡುವಣ ಅಂತರವು ಎಲ್ಲಿದೆ, ಅದರಿಂದ ಯಾವ ವಾದ್ಯಕ್ಕೆ ಲಾಭ, ಯಾವುದಕ್ಕೆ ನಷ್ಟ ಎಂಬುದು ನಮ್ಮ ಪ್ರಶ್ನೆ.

ಹಿರಿಯಡ್ಕವು ಉಡುಪಿಯಿಂದ ಮಣಿಪಾಲ, ಪರ್ಕಳಗಳ ಮೇಲೆ ಕಾರ್ಕಳದ ಕಡೆಗೆ ಹೋಗುವ ಹಾದಿಯಲ್ಲಿದೆ. ವೀರಭದ್ರ ದೇವಾಲಯದಿಂದ ಪ್ರಸಿದ್ಧವಾದ ಊರು. ಅಲ್ಲಿಯ ಗೋಪಾಲರಾಯರು 1919ರಲ್ಲಿ ಜನಿಸಿ, ನೂರು ವರ್ಷಗಳನ್ನು ದಾಟಿ, 2020ರ ಅಕ್ಟೋಬರಿನಲ್ಲಿ ತೀರಿಕೊಂಡರು. ಹದಿಹರೆಯದಲ್ಲಿಯೇ ಮೇಳವನ್ನು ಸೇರಿದ ಅವರು ಐದು ದಶಕಗಳಿಗೂ ಮಿಕ್ಕಿ ಮದ್ದಳೆಯನ್ನು ನುಡಿಸಿದರು. ರಾಜ್ಯೋತ್ಸವ ಪ್ರಶಸ್ತಿಯೂ ಜಾನಪದಶ್ರೀ ಪ್ರಶಸ್ತಿಯೂ ಅವರಿಗೆ ಸಂದವು. ಪ್ರಶಸ್ತಿಗಳ ವಿಚಾರವನ್ನು ಇಲ್ಲಿಗೇ ಬಿಡೋಣ. ವಿಮರ್ಶೆಗೆ ಅವುಗಳಿಂದ ಹೆಚ್ಚಿನ ಉಪಯೋಗವಿಲ್ಲ.

ಮದ್ದಳೆಗಾರನ ಕೆಲಸವೇನೆಂಬುದನ್ನು ಮೊದಲು ತಿಳಿಯಬೇಕು. ಕರಾವಳಿಯ ಮೇಳಗಳ ತಿರುಗಾಟವು ಮಳೆಗಾಲವು ಕಳೆದು ಬೆಳೆ ಮನೆಗೆ ಬಂದ ಮೇಲೆ ತೊಡಗಿ ಪತ್ತನಾಜೆಯವರೆಗೆ ನಡೆಯುವಂಥದು. ಆ ಆರು ತಿಂಗಳು ದಿನಕ್ಕೊಂದು ಊರು, ಇರುಳಿಗೊಂದು ಪ್ರಸಂಗ. ಚೌಕಿಯಲ್ಲಿ ಗಣಪತಿಯ ಸ್ತುತಿಯಾದಾಗ ಕೈಗೆ ಬಂದ ಮದ್ದಳೆಯು ಬೆಳಗಿನ ಮಂಗಳದವರೆಗೆ ಕೆಳಗಿಳಿಯುವುದಿಲ್ಲ. ಬಾಲಗೋಪಾಲ, ಪೀಠಿಕಾ ಸ್ತ್ರೀವೇಷಗಳ ಸರಳವಾದ ಕುಣಿತಕ್ಕೆ ಎಳೆಯ ಮದ್ದಳೆಗಾರ ಕುಳಿತರೂ, ಪಾಂಡವರ ಒಡ್ಡೋಲಗದ ಹೊತ್ತಿಗೆ ಮುಖ್ಯ ಮದ್ದಳೆಗಾರನು ಬರಲೇಬೇಕು. ಭಾಗವತನು ಪದ್ಯವನ್ನು ಎತ್ತಿಕೊಳ್ಳುವ ಮೊದಲು ತಾಳವನ್ನು ಬಾಯಿಯಿಂದ ಹೇಳಿ ಕೊಡುವ ಪದ್ಧತಿಯಿಲ್ಲ. ಅವನ ಉಸಿರಿನ ತಿರುವಿನಿಂದಲೇ ಅದು ತ್ರಿವುಡೆಯ ಏಳೋ ಝಂಪೆಯ ಹತ್ತೋ ಎಂಬುದನ್ನು ಮದ್ದಳೆಗಾರನು ಗ್ರಹಿಸಬೇಕು. ವೇಷಧಾರಿಯ ಕಾಲು ಇಂದು ನಿನ್ನೆಯಂತೆ ಬೀಳುವುದಿಲ್ಲ. ನಿದ್ದೆಗೆಟ್ಟ ನಟನ ಕಾಲು ತಡವಾಗಿ ಬಿದ್ದರೆ ಅದನ್ನು ಜನರಿಗೆ ತಿಳಿಯದಂತೆ ನುಡಿತದೊಳಗೆ ಮುಚ್ಚಿಕೊಳ್ಳಬೇಕು. ಉತ್ಸಾಹದ ನಟನು ಹೊಸದೊಂದು ಹೆಜ್ಜೆಯನ್ನು ಹೊಸೆದರೆ ಮರುಸುತ್ತಿಗೆ ಅದರ ನುಡಿತವು ಸಿದ್ಧವಾಗಿರಬೇಕು. ಪದ್ಯದ ಕೊನೆಗೆ ಬಿಡ್ತಿಗೆ, ಮುಕ್ತಾಯ. ಅನಂತರ ನಟನು ಅರ್ಥವನ್ನು ಹೇಳುವಾಗ ಮದ್ದಳೆಯು ಸುಮ್ಮನಿರಬೇಕು. ಈ ಸುಮ್ಮನಿರುವಿಕೆಯೂ ನುಡಿಸುವಷ್ಟೇ ಕಷ್ಟದ ವಿದ್ಯೆ. ಮಾತಿನ ಏರಿಳಿತಕ್ಕೆ ಒಂದು ಪೆಟ್ಟು ಸಾಕಾದಲ್ಲಿ ಎರಡು ಹೊಡೆದ ವಾದಕರನ್ನು ನಾವೆಲ್ಲರೂ ಕೇಳಿದ್ದೇವೆ.

ಆದುದರಿಂದ ಮದ್ದಳೆಗಾರನ ಸಾಧನೆಯನ್ನು ಅಳೆಯುವಲ್ಲಿ ಒಂದು ತೊಡಕು ಇದೆ. ಮರಿಂಬಾ ವಾದಕನನ್ನು ಅವನು ನುಡಿಸಿದ ಕೃತಿಗಳಿಂದ ಅಳೆಯಬಹುದು. ಪಾಲ್ ಕ್ರೆಸ್ಟನ್ ಎಂಬ ವಾಗ್ಗೇಯಕಾರನು ಮರಿಂಬಾಕ್ಕೂ ವಾದ್ಯವೃಂದಕ್ಕೂ ರಚಿಸಿದ ಕೃತಿಯು 1940ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ಬಾರಿಗೆ ಕೇಳಿಸಿತು. ಅದನ್ನು ನುಡಿಸಿದವರು ರೂತ್ ಸ್ಟೂಬರ್. ಬರೆದಿಟ್ಟ ಆ ಸ್ವರಲಿಪಿ ಇಂದಿಗೂ ಉಳಿದಿದೆ. ಬೇಕಾದವರು ಎರಡು ವಾದನಗಳನ್ನು ಕೇಳಿ, ಲಿಪಿಯನ್ನು ಮುಂದಿಟ್ಟುಕೊಂಡು, ಹೆಚ್ಚುಕಡಿಮೆಗಳನ್ನು ಹೇಳಬಹುದು. ಮದ್ದಳೆಯಲ್ಲಿ ಕೃತಿ ಎಂಬುದು ಒಂದು ಇರುಳಿನದು. ಹಾರಾಡಿಯ ಕುಣಿತವಿರಲಿ, ಮಟಪಾಡಿಯ ಕುಣಿತವಿರಲಿ, ಆ ಎರಡು ಶೈಲಿಗಳ ಭೇದವನ್ನು ಬಲ್ಲ ವಾದಕನು ನಟನ ಪರಂಪರೆಯನ್ನು ನೋಡಿ ತನ್ನ ನುಡಿತವನ್ನು ಬದಲಾಯಿಸಿಕೊಳ್ಳುತ್ತಾನೆ. ಬೆಳಗಾದ ಮೇಲೆ ಅದರ ಗುರುತು ಉಳಿಯುವುದು ನೋಡಿದವರ ನೆನಪಿನಲ್ಲಿ ಮಾತ್ರ. ಹೀಗಿರುವಾಗ ಗೋಪಾಲರಾಯರ ಹೆಸರು ಉಳಿದುದು ಹೇಗೆ? ಅದಕ್ಕೆ ಉತ್ತರವನ್ನು ಅವರ ವಾದ್ಯದಲ್ಲಿಯೂ ಅವರ ಶಿಷ್ಯರಲ್ಲಿಯೂ ಹುಡುಕಬೇಕು.

ವಾದ್ಯದ ವಿಚಾರ ಮೊದಲು. ಬಡಗುತಿಟ್ಟಿನ ಮದ್ದಳೆಗೆ ಗೋಪಾಲರಾಯರು ತಂದ ಮಾರ್ಪಾಡು ‘ಏರು ಮದ್ದಳೆ’ ಎಂದು ಪ್ರಸಿದ್ಧವಾಗಿದೆ. ಹೆಸರೇ ಸೂಚಿಸುವಂತೆ ಇದು ಏರಿದ ಶ್ರುತಿಯ ಮದ್ದಳೆ. ಕೇಳಿದವರಿಗೆ ಇದೊಂದು ಚಿಕ್ಕ ಸಂಗತಿಯಾಗಿ ತೋರಬಹುದು. ಆದರೆ ಚರ್ಮವಾದ್ಯದ ಶ್ರುತಿಯನ್ನು ಏರಿಸುವುದು ತಂಬೂರಿಯ ಬಿರಡೆಯನ್ನು ತಿರುವಿದಂತೆ ಸುಲಭವಾದ ಕೆಲಸವಲ್ಲ. ಏಕೆಂಬುದನ್ನು ತಿಳಿಯಲು ಸ್ವಲ್ಪ ಭೌತಶಾಸ್ತ್ರವು ಬೇಕು. ಸಾಹಿತ್ಯದ ವಿದ್ಯಾರ್ಥಿಗಳು ಸೈರಿಸಬೇಕು.

ಬರಿಯ ಚರ್ಮವನ್ನು ಬಿಗಿದು ಹೊಡೆದರೆ ಹೊರಡುವ ನಾದವು ಶ್ರುತಿಬದ್ಧವಾಗಿರುವುದಿಲ್ಲ. ಮೂಲಸ್ವರದ ಕಂಪನವನ್ನು 1 ಎಂದಿಟ್ಟುಕೊಂಡರೆ ಅದರ ಮೇಲಣ ಸ್ವರಗಳು 1.59, 2.14, 2.30 ಹೀಗೆ ಒಂದಕ್ಕೊಂದು ಹೊಂದದ ಪ್ರಮಾಣದಲ್ಲಿ ಏರುತ್ತವೆ. ಆದುದರಿಂದ ಲೋಕದ ಬಹುಪಾಲು ಚರ್ಮವಾದ್ಯಗಳಲ್ಲಿ ಸದ್ದು ಉಂಟು, ಸ್ವರವಿಲ್ಲ. ನಮ್ಮ ದೇಶದ ಕುಶಲಕರ್ಮಿಗಳು ಈ ತೊಡಕನ್ನು ಬಲಮುಚ್ಚಿಗೆಯ ನಡುವೆ ಕರಿಯ ಲೇಪವನ್ನು, ಎಂದರೆ ಕರ್ಣೆಯನ್ನು, ಪದರಪದರವಾಗಿ ಕೂರಿಸಿ ಪರಿಹರಿಸಿದರು. ಇದರ ಮರ್ಮವನ್ನು ಸಿ.ವಿ. ರಾಮನ್ ಅವರು ಶಿವಕಾಲಿ ಕುಮಾರ್ ಅವರೊಡನೆ 1920ರಲ್ಲಿ ಬರೆದ ಕಿರುಲೇಖನದಲ್ಲಿ ಎತ್ತಿ ತೋರಿಸಿದರು. ಬೆಂಗಳೂರಿಗೆ ಬಂದು ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಸ್ಥಾಪಿಸಿದ ಮೇಲೆ ಅದರ ಪತ್ರಿಕೆಯ ಮೊದಲ ಸಂಪುಟದಲ್ಲಿಯೇ ವಿಸ್ತಾರವಾಗಿ ವಿವರಿಸಿದರು. ಕರ್ಣೆಯ ಭಾರದಿಂದಾಗಿ ಚರ್ಮದ ಮೊದಲ ಒಂಬತ್ತು ಬಗೆಯ ಕಂಪನಗಳು ಐದು ಗುಂಪುಗಳಾಗಿ ಕೂಡಿಕೊಂಡು 1, 2, 3, 4, 5 ಎಂಬ ಪ್ರಮಾಣಕ್ಕೆ ಬರುತ್ತವೆ. ಚರ್ಮವು ಹೀಗೆ ತಂತಿಯ ಗುಣವನ್ನು ಪಡೆಯುತ್ತದೆ. ಗಣಿತವನ್ನು ಅರಿಯದ ಕೈಗಳು ಕಿವಿಯೊಂದರಿಂದಲೇ ಇದನ್ನು ಸಾಧಿಸಿದುವು.

ಮರಿಂಬಾದ ಕತೆಯೂ ಇದಕ್ಕೆ ಸಮೀಪದ್ದೇ. ಮರದ ಪಟ್ಟಿಗಳನ್ನು ಸಾಲಾಗಿ ಜೋಡಿಸಿ, ಪ್ರತಿಯೊಂದರ ಕೆಳಗೂ ನಾದವನ್ನು ತುಂಬಿಸುವ ಕೊಳವೆಯನ್ನು ತೂಗಿಸಿ, ನೂಲು ಸುತ್ತಿದ ಕೋಲುಗಳಿಂದ ಹೊಡೆಯುವ ವಾದ್ಯವದು. ನಮ್ಮ ವಾದ್ಯವೃಂದಗಳಲ್ಲಿ ಕೇಳಿಬಂದಿರುವ ಕಾಷ್ಠತರಂಗಕ್ಕೆ ಅಣ್ಣನೆನ್ನಬಹುದು. ಆಫ್ರಿಕದ ಮೂಲದಿಂದ ಮಧ್ಯ ಅಮೆರಿಕಕ್ಕೆ ಹೋಗಿ, ಗ್ವಾಟೆಮಾಲಾದ ಹಬ್ಬಹರಿದಿನಗಳ ವಾದ್ಯವಾಗಿದ್ದುದು ಅಲ್ಲಿಂದ ಉತ್ತರಕ್ಕೆ ಸಾಗಿ ವಿಶ್ವವಿದ್ಯಾನಿಲಯವನ್ನು ಸೇರಿತು. ಸಮತಟ್ಟಾದ ಮರದ ಪಟ್ಟಿಯ ಮೇಲಣ ಸ್ವರಗಳೂ ಚರ್ಮದಂತೆಯೇ ಶ್ರುತಿಗೆ ಒಗ್ಗದವು: ಮೂಲಸ್ವರ 1 ಆದರೆ ಮುಂದಿನದು 2.76. ಪಟ್ಟಿಯ ಅಡಿಯನ್ನು ಕಮಾನಿನಂತೆ ಕೊರೆದು ತೆಗೆದರೆ ಆ ಎರಡನೆಯ ಸ್ವರವು ಸರಿಯಾಗಿ 4ಕ್ಕೆ, ಎಂದರೆ ಎರಡು ಸ್ಥಾಯಿಗಳ ಮೇಲಕ್ಕೆ, ಬಂದು ನಿಲ್ಲುತ್ತದೆ. ನಮ್ಮವರು ಭಾರವನ್ನು ಸೇರಿಸಿದರು, ಅವರು ಮರವನ್ನು ಕೊರೆದರು. ಸಾಧಿಸಿದ್ದು ಒಂದನ್ನೇ: ಹೊಡೆತದ ಸದ್ದನ್ನು ಹಾಡುವ ಸ್ವರವನ್ನಾಗಿಸುವುದು. ಹೀಗೆ ನೋಡಿದರೆ ಮರಿಂಬಾ ಮತ್ತು ಮದ್ದಳೆಗಳನ್ನು ಒಂದೇ ಲೇಖನದಲ್ಲಿ ತರುವುದು ಅಷ್ಟೇನೂ ಬಲಾತ್ಕಾರದ ಹೋಲಿಕೆಯಾಗಲಾರದೆಂದು ನಾವು ಭಾವಿಸುತ್ತೇವೆ.

ಈಗ ಏರು ಮದ್ದಳೆಗೆ ಬರೋಣ. ಕರ್ಣೆಯ ಭಾರ, ಚರ್ಮದ ದಪ್ಪ, ಮುಚ್ಚಿಗೆಯ ಅಗಲ, ಬಾರಿನ ಬಿಗಿ, ಇವು ಒಂದಕ್ಕೊಂದು ಕಟ್ಟುಬಿದ್ದಿರುವುದರಿಂದ ಒಂದು ಮದ್ದಳೆಯು ಚೆನ್ನಾಗಿ ನುಡಿಯುವ ಶ್ರುತಿಯ ವ್ಯಾಪ್ತಿ ಬಹಳ ಕಿರಿದು. ಅಂಚನ್ನು ತಟ್ಟಿ ತುಸು ಏರಿಸಬಹುದು, ತುಸು ಇಳಿಸಬಹುದು. ಅದಕ್ಕೂ ಮೀರಿದರೆ ಕರ್ಣೆ ಬಿರಿಯುತ್ತದೆ ಅಥವಾ ನಾದ ಕೆಡುತ್ತದೆ. ಆದುದರಿಂದ ಏರು ಶ್ರುತಿಯನ್ನು ಬಯಸಿದವನು ವಾದ್ಯದ ಅಳತೆಯನ್ನೂ ಮುಚ್ಚಿಗೆಯನ್ನೂ ಕರ್ಣೆಯನ್ನೂ ಕೂಡಿಯೇ ಯೋಚಿಸಬೇಕು. ಅದಕ್ಕೆ ತಕ್ಕಂತೆ ಬೆರಳಿನ ಪೆಟ್ಟೂ ಬದಲಾಗಬೇಕು. ತಗ್ಗು ಮದ್ದಳೆಯ ಮೇಲೆ ತುಂಬಿ ಬರುತ್ತಿದ್ದ ಅಂಗೈಯ ಪೆಟ್ಟು ಏರು ಮದ್ದಳೆಯ ಮೇಲೆ ಒಡಕಾಗಿ ಕೇಳಬಹುದು. ಗೋಪಾಲರಾಯರ ಹೆಚ್ಚುಗಾರಿಕೆಯೆಂದರೆ ಶ್ರುತಿಯನ್ನು ಏರಿಸಿದುದಷ್ಟೇ ಅಲ್ಲ. ಏರಿದ ಶ್ರುತಿಗೆ ಒಪ್ಪುವ ನುಡಿತವನ್ನೂ ರೂಢಿಸಿ ಅದು ರಂಗದಲ್ಲಿ ನಿಲ್ಲುವಂತೆ ಮಾಡಿದುದು.

ಇದು ಏಕೆ ಬೇಕಾಯಿತು? ನಮ್ಮ ಅಭಿಪ್ರಾಯವಿಷ್ಟು. ಬಡಗುತಿಟ್ಟಿನ ಹಿಮ್ಮೇಳದಲ್ಲಿ ಮದ್ದಳೆಗೆ ಚೆಂಡೆಯೊಡನೆ ಬಾಳುವೆ. ವೀರರಸದ ಪ್ರವೇಶಕ್ಕೂ ಯುದ್ಧಕ್ಕೂ ಚೆಂಡೆ. ಸ್ತ್ರೀವೇಷಕ್ಕೆ, ಕರುಣಕ್ಕೆ, ಶೃಂಗಾರಕ್ಕೆ ಮದ್ದಳೆಯೊಂದೇ. ಕೋಲಿನಿಂದ ಹೊಡೆಯುವ ಚೆಂಡೆಯ ಎದುರು ಬೆರಳಿನ ವಾದ್ಯವು ತಗ್ಗು ಶ್ರುತಿಯಲ್ಲಿ ಮುಳುಗಿಹೋಗುವುದು ಸಹಜ. ಶ್ರುತಿಯು ಏರಿದಾಗ ಮದ್ದಳೆಯ ದನಿ ಚೆಂಡೆಯ ಗದ್ದಲದ ಮೇಲೆ ಮೊನಚಾಗಿ ಎದ್ದು ಕೇಳುತ್ತದೆ. 1950ರ ಅನಂತರ ಡೇರೆ ಮೇಳಗಳು ಬೆಳೆದು, ಟಿಕೇಟು ಕೊಂಡು ಕುಳಿತ ಸಾವಿರಾರು ಮಂದಿಗೆ ಆಟವು ಕೇಳಬೇಕಾದ ಕಾಲದಲ್ಲಿ ಈ ಮೊನಚಿಗೆ ಬೆಲೆ ಬಂದುದು ಆಶ್ಚರ್ಯವಲ್ಲ. ಹೀಗೆ ಏರು ಮದ್ದಳೆಯನ್ನು ಒಬ್ಬ ವಾದಕನ ಚಮತ್ಕಾರವೆನ್ನುವುದಕ್ಕಿಂತ ರಂಗದ ಅವಶ್ಯಕತೆಗೆ ಒಬ್ಬ ಸಮರ್ಥನು ಕೊಟ್ಟ ಉತ್ತರವೆಂದು ತಿಳಿಯುವುದು ಯುಕ್ತ.

ಆದರೆ ವಿಮರ್ಶಕನು ಲೆಕ್ಕದ ಎರಡೂ ಕಡೆಗಳನ್ನು ನೋಡಬೇಕಾಗುತ್ತದೆ. ಶ್ರುತಿಬದ್ಧವಾದ ಮದ್ದಳೆಯು ಭಾಗವತನನ್ನು ಕಟ್ಟಿಹಾಕುತ್ತದೆ. ಮದ್ದಳೆ ಏರಿದರೆ ಕಂಠವೂ ಏರಬೇಕು. ಎಲ್ಲ ಭಾಗವತರ ಕಂಠವೂ ಏರುವಂಥದಲ್ಲ. ಮಂದ್ರದಲ್ಲಿ ಗಂಭೀರವಾಗಿ ಹಾಡಬಲ್ಲವನಿಗೆ ಇದು ಕಷ್ಟದ ಕಾಲ. ಬಡಗಿನ ಹಾಡುಗಾರಿಕೆ ಮೇಲಣ ಶ್ರುತಿಯತ್ತ ಸಾಗಿದುದಕ್ಕೆ ಧ್ವನಿವರ್ಧಕ, ಪ್ರೇಕ್ಷಕರ ಅಭಿರುಚಿ, ಜನಪ್ರಿಯ ಭಾಗವತರ ಕಂಠಸಿರಿ ಮೊದಲಾದ ಹಲವು ಕಾರಣಗಳಿರಬಹುದು. ವಾದ್ಯವೂ ಅವುಗಳಲ್ಲಿ ಒಂದೆಂದು ಹೇಳದೆ ಗತ್ಯಂತರವಿಲ್ಲ. ಇನ್ನೊಂದು ನಷ್ಟ ಎಡಮುಚ್ಚಿಗೆಯದು. ಬಲದ ಶ್ರುತಿಯು ಏರಿದಷ್ಟೂ ಕಿವಿಯು ಅದನ್ನೇ ಹಿಂಬಾಲಿಸುತ್ತದೆ. ಎಡಗೈಯ ಗುಂಕಾರವು ಹಿಂದೆ ಬೀಳುತ್ತದೆ. ಯುಧಿಷ್ಠಿರನ ಧೀರಗಾಂಭೀರ್ಯಕ್ಕೆ, ಭೀಷ್ಮನ ಮುಪ್ಪಿಗೆ ಆ ಗುಂಕಾರವು ಬೇಕಾಗಿತ್ತು. ಗೋಪಾಲರಾಯರಂಥ ಸಂಯಮಿಗಳ ಕೈಯಲ್ಲಿ ಈ ಎರಡೂ ಸಮತೂಕವಾಗಿದ್ದಿರಬಹುದು. ಅವರನ್ನು ಅನುಕರಿಸಿದ ಎಲ್ಲರ ಕೈಗೂ ಆ ತೂಕ ಬರಲಿಲ್ಲ. ಇಂದಿನ ಕೆಲವು ಆಟಗಳಲ್ಲಿ ಮದ್ದಳೆಯು ನಟನಿಗೆ ನುಡಿಸುವುದನ್ನು ಬಿಟ್ಟು ಧ್ವನಿವರ್ಧಕಕ್ಕೆ ನುಡಿಸುತ್ತಿದೆಯೋ ಎಂದು ಸಂಶಯವಾಗುತ್ತದೆ. ಸುಧಾರಕನ ಮೇಲೆ ಅನುಕಾರರ ದೋಷವನ್ನು ಹೊರಿಸುವುದು ಅನ್ಯಾಯ. ಆದರೂ ಸುಧಾರಣೆಯ ಫಲವನ್ನು ಹೇಳುವಾಗ ಅದನ್ನೂ ಹೇಳಬೇಕು.

ಇನ್ನು ಅಧ್ಯಾಪಕತ್ವ. ಮೇಳದ ಕಲಿಕೆಯಲ್ಲಿ ಪಾಠವೆಂಬುದು ಬೇರೆಯಾಗಿ ಇರಲಿಲ್ಲ. ಹುಡುಗನು ಮದ್ದಳೆಯನ್ನು ಹೊರುತ್ತಾನೆ, ಒರೆಸುತ್ತಾನೆ, ಗುರುವಿನ ಹಿಂದೆ ಕುಳಿತು ತೂಕಡಿಸುತ್ತಾನೆ, ತೂಕಡಿಕೆಯಲ್ಲಿಯೇ ನುಡಿತಗಳು ಕಿವಿಗೆ ಇಳಿಯುತ್ತವೆ. ಬಾಯಿತಾಳವನ್ನು ಗುರುವು ಹೇಳಿಕೊಡುವುದು ಸಮಯ ಸಿಕ್ಕಾಗ. ಒಂದು ಇರುಳು ಮುಖ್ಯ ಮದ್ದಳೆಗಾರನಿಗೆ ಜ್ವರ ಬಂದರೆ ಶಿಷ್ಯನ ಪರೀಕ್ಷೆಯೂ ಪದವೀದಾನವೂ ಅಂದೇ. ಈ ಪದ್ಧತಿಯನ್ನು ಹೊಗಳಿ ಬರೆಯುವುದು ಈಚೆಗೆ ರೂಢಿಯಾಗಿದೆ. ಹೊಗಳುವವರು ಮರೆಯುವ ಸಂಗತಿಯೊಂದುಂಟು: ಇದರಲ್ಲಿ ಕಲಿತವರ ಸಂಖ್ಯೆಗಿಂತ ಕಲಿಯಲಾರದೆ ಮನೆಗೆ ಮರಳಿದವರ ಸಂಖ್ಯೆ ಹೆಚ್ಚು, ಅವರ ಹೆಸರು ಯಾವ ಲೇಖನದಲ್ಲಿಯೂ ಬರುವುದಿಲ್ಲ.

ಉಡುಪಿಯ ಮಹಾತ್ಮಾ ಗಾಂಧಿ ಮೆಮೋರಿಯಲ್ ಕಾಲೇಜು 1949ರಲ್ಲಿ ಆರಂಭವಾಯಿತು. ಅದರ ಆಶ್ರಯದಲ್ಲಿ, ಪ್ರಾಂಶುಪಾಲರಾಗಿದ್ದ ಕು.ಶಿ. ಹರಿದಾಸ ಭಟ್ಟರ ಉತ್ಸಾಹದಿಂದಲೂ ಕಾರಂತರ ಮಾರ್ಗದರ್ಶನದಿಂದಲೂ, 1970ರ ದಶಕದ ಆರಂಭದಲ್ಲಿ ಯಕ್ಷಗಾನ ಕೇಂದ್ರವು ರೂಪುಗೊಂಡಿತು. ಕಾಲೇಜೊಂದು ಮೇಳದ ಕಲಾವಿದರನ್ನು ಗುರುಗಳೆಂದು ಕರೆದು ಕುಳ್ಳಿರಿಸಿದ ಆ ಘಟನೆಯ ಮಹತ್ತ್ವವನ್ನು ನಾವು ಇನ್ನೂ ಸರಿಯಾಗಿ ತೂಗಿಲ್ಲ. ಕುಣಿತಕ್ಕೆ ವೀರಭದ್ರ ನಾಯಕರು, ಭಾಗವತಿಕೆಗೆ ನೀಲಾವರ ರಾಮಕೃಷ್ಣಯ್ಯನವರು, ಮದ್ದಳೆಗೆ ಗೋಪಾಲರಾಯರು, ಹೀಗೆ ರಂಗದ ಅನುಭವವನ್ನು ಮೈಯಲ್ಲಿ ಹೊತ್ತವರು ಅಲ್ಲಿ ಪಾಠ ಹೇಳಿದರು. ಮೇಳದಲ್ಲಿ ಹತ್ತು ವರ್ಷಗಳಲ್ಲಿ ಚೆದುರಿ ಬರುತ್ತಿದ್ದುದನ್ನು ಇಲ್ಲಿ ಕ್ರಮವಾಗಿ, ಕೆಲವು ತಿಂಗಳುಗಳಲ್ಲಿ ಹೇಳಿಕೊಡಬೇಕಾಯಿತು. ಯಾವುದು ಮೊದಲು, ಯಾವುದು ಆಮೇಲೆ? ಯಾವ ತಾಳದಿಂದ ತೊಡಗಬೇಕು? ಹೆಜ್ಜೆಯನ್ನು ಅರಿಯದವನಿಗೆ ನುಡಿತವನ್ನು ಕಲಿಸಬಹುದೆ? ಈ ಪ್ರಶ್ನೆಗಳು ಮೇಳದಲ್ಲಿ ಹುಟ್ಟುವುದಿಲ್ಲ. ಅಧ್ಯಾಪಕನಾದವನಿಗೆ ಮಾತ್ರ ಹುಟ್ಟುತ್ತವೆ. ಇಲಿನಾಯಿಯಲ್ಲಿ 1950ರಲ್ಲಿ ಪ್ರೈಸನಿಗೆ ಎದುರಾದುದು ಇದೇ ಬಗೆಯ ಪ್ರಶ್ನೆಯೆಂಬುದು ಗಮನಾರ್ಹ.

ಗೋಪಾಲರಾಯರಿಗೆ ಈ ಪ್ರಶ್ನೆಯು ಅತ್ಯಂತ ತೀಕ್ಷ್ಣವಾಗಿ ಎದುರಾದುದು ಪರದೇಶದ ಶಿಷ್ಯರಿಂದ. ಅಮೆರಿಕದಿಂದ ಬಂದು ಉಡುಪಿಯಲ್ಲಿ ನೆಲಸಿ ಯಕ್ಷಗಾನವನ್ನು ಅಭ್ಯಾಸ ಮಾಡಿದ ಮಾರ್ತಾ ಆಶ್ಟನ್ ಅವರಿಗೆ ಗೋಪಾಲರಾಯರು ಗುರುಗಳಾದರು. ಆಕೆ ಬ್ರೂಸ್ ಕ್ರಿಸ್ಟಿಯವರೊಡನೆ ಬರೆದ ಇಂಗ್ಲಿಷ್ ಗ್ರಂಥವು 1977ರಲ್ಲಿ ಪ್ರಕಟವಾಯಿತು. ಬಡಗುತಿಟ್ಟಿನ ರಂಗಕ್ರಮವನ್ನು ಹೊರಲೋಕವು ಮೊದಲಿಗೆ ವಿವರವಾಗಿ ಅರಿತುದು ಆ ಪುಸ್ತಕದಿಂದ. ಗಂಡಸರೇ ಕುಣಿಯುತ್ತಿದ್ದ ಕಾಲದಲ್ಲಿ ಹೆಂಗಸೊಬ್ಬಳಿಗೆ, ಅದೂ ಭಾಷೆಯನ್ನೇ ಅರಿಯದೆ ಬಂದವಳಿಗೆ, ಈ ವಿದ್ಯೆಯನ್ನು ಕೊಡಲು ಒಪ್ಪಿದ ಮನಸ್ಸನ್ನು ಮೆಚ್ಚಬೇಕು. ಅದಕ್ಕಿಂತ ಹೆಚ್ಚಾಗಿ, ಒಪ್ಪಿದ ಮೇಲೆ ಗುರುವಿಗೆ ಬಂದ ಕಷ್ಟವನ್ನು ಊಹಿಸಬೇಕು. ತಾಯಹಾಲಿನೊಡನೆ ಲಯವನ್ನು ಪಡೆದ ಊರಿನ ಹುಡುಗನಿಗೆ ‘ಕೇಳು’ ಎಂದರೆ ಸಾಕು. ಆಕೆಗೆ ಪ್ರತಿಯೊಂದು ಪೆಟ್ಟಿಗೂ ಹೆಸರು, ಸ್ಥಾನ, ಕಾರಣ ಬೇಕು, ಪ್ರತಿಯೊಂದನ್ನೂ ಬರೆದುಕೊಳ್ಳಬೇಕು. ತನ್ನ ಕೈಗೆ ಗೊತ್ತಿದ್ದುದನ್ನು ಬಾಯಿಗೆ ತರುವ ಈ ಶ್ರಮವೇ ಅಧ್ಯಾಪಕತ್ವದ ತಿರುಳು. ಮುಂದೆ ಗೋಪಾಲರಾಯರು ಅಮೆರಿಕಕ್ಕೂ ಹೋಗಿ ಅಲ್ಲಿಯ ವಿದ್ಯಾರ್ಥಿಗಳಿಗೆ ಮದ್ದಳೆಯ ಪಾಠವನ್ನು ಹೇಳಿದರು. ಬಿರುದಿನಲ್ಲಿ ಅವರು ಯಾವ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರೂ ಆಗಿರಲಿಲ್ಲ. ವಿಶ್ವವಿದ್ಯಾನಿಲಯಗಳೇ ಅವರಲ್ಲಿಗೆ ಬಂದುವು.

ಆದರೂ ಒಂದು ವ್ಯತ್ಯಾಸವನ್ನು ಮರೆಮಾಚಬಾರದು. ದಕ್ಷಿಣ ಭಾರತದ ಮೃದಂಗವು ಪರದೇಶದ ವಿಶ್ವವಿದ್ಯಾನಿಲಯಗಳಲ್ಲಿ ಸ್ಥಿರವಾದ ಪೀಠವನ್ನು ಸಂಪಾದಿಸಿತು. ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾನಿಲಯದಲ್ಲಿ 1963ರಿಂದ ಟಿ. ರಂಗನಾಥನ್ ಅವರೂ, ಕೆನಡಾದ ಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ 1971ರಿಂದ ತಿರುಚ್ಚಿ ಶಂಕರನ್ ಅವರೂ ಮೃದಂಗವನ್ನು ಕಲಿಸಿದರು. ಮದ್ದಳೆಗೆ ಅಂಥ ಪೀಠವು ದೊರೆಯಲಿಲ್ಲ. ವಾದಕರ ಯೋಗ್ಯತೆಯಲ್ಲಿ ಕೊರತೆಯಿತ್ತೆಂದು ಇದಕ್ಕೆ ಕಾರಣ ಹೇಳುವಂತಿಲ್ಲ. ಮೃದಂಗಕ್ಕೆ ಕಚೇರಿಯುಂಟು, ಕಚೇರಿಯೊಳಗೆ ತನಿ ಆವರ್ತನವುಂಟು. ಗಾಯಕನೊಬ್ಬ, ಮೃದಂಗವೊಂದು, ತಂಬೂರಿಯೊಂದು ಇದ್ದರೆ ಎಲ್ಲಿ ಬೇಕಾದರೂ ನಡೆಯುತ್ತದೆ. ಮದ್ದಳೆಗೆ ಭಾಗವತ ಬೇಕು, ಚೆಂಡೆ ಬೇಕು, ಗೆಜ್ಜೆ ಕಟ್ಟಿದ ಕಾಲು ಬೇಕು, ಪ್ರಸಂಗವು ಬೇಕು, ಅದನ್ನು ಅರಿತ ಜನರು ಬೇಕು. ಅದರ ನುಡಿತವನ್ನು ಹೆಜ್ಜೆಯಿಂದ ಬಿಡಿಸಿ ತೆಗೆದರೆ ಅರ್ಧದಷ್ಟು ಮಾತ್ರ ಉಳಿಯುತ್ತದೆ. ಮರಿಂಬಾವನ್ನು ಎತ್ತಿ ನಿಲ್ಲಿಸಲು ಅದರ ವಾದಕರು ಮಾಡಿದ ಮೊದಲ ಕೆಲಸವೇ ಅದನ್ನು ಬಿಡಿಸಿ ತೆಗೆಯುವುದಾಗಿತ್ತು: ಹಬ್ಬದ ಕುಣಿತದಿಂದ ಬಿಡಿಸಿ, ವೇದಿಕೆಯ ನಡುವೆ ನಿಲ್ಲಿಸಿ, ಅದಕ್ಕೆಂದೇ ಕೃತಿಗಳನ್ನು ಬರೆಯಿಸಿದರು. ಮಸ್ಸರನು 1933ರ ಷಿಕಾಗೋ ಮಹಾಪ್ರದರ್ಶನದಲ್ಲಿ ನೂರು ಮರಿಂಬಾಗಳನ್ನು ಒಟ್ಟಿಗೆ ನುಡಿಸಿದನು. ಕೇಕೊ ಆಬೆ ಅದನ್ನು ಐದು ಸ್ಥಾಯಿಗಳಿಗೆ, 61 ಪಟ್ಟಿಗಳಿಗೆ ಬೆಳೆಯಿಸಿದರು. ವಾದ್ಯವು ಬೆಳೆಯಿತು. ಅದನ್ನು ಹೆತ್ತ ಗ್ವಾಟೆಮಾಲಾದ ಬೀದಿಯಿಂದ ಅದು ಎಷ್ಟು ದೂರ ಸಾಗಿತೆಂಬುದು ಬೇರೆ ಮಾತು.

ಗೋಪಾಲರಾಯರು ತಮ್ಮ ವಾದ್ಯವನ್ನು ಹಾಗೆ ಬಿಡಿಸಿ ತೆಗೆಯಲಿಲ್ಲ. ಏರು ಮದ್ದಳೆಯ ಮೊನಚಿನಿಂದ ಸ್ವತಂತ್ರ ವಾದನದ ಪಂಥವೊಂದನ್ನು ಹೂಡಲು ಅವರಿಗೆ ಅವಕಾಶವಿತ್ತು. ಪರದೇಶದ ಶ್ರೋತೃಗಳೂ ಇದ್ದರು. ಅವರು ಅದನ್ನು ಹಿಮ್ಮೇಳದಲ್ಲಿಯೇ, ಭಾಗವತನ ಬದಿಯಲ್ಲಿಯೇ ಉಳಿಸಿದರು. ಇದನ್ನು ಕೆಲವರು ಮಿತಿಯೆನ್ನಬಹುದು. ನಮಗೆ ಇದು ವಿವೇಕವೆಂದು ತೋರುತ್ತದೆ.

ಈ ಲೇಖನವನ್ನು ಸಿದ್ಧಪಡಿಸಿದ ಮಟ್ಟು ಗ್ರಾಮದ ವಿಚಾರವಾಗಿ ಇಲ್ಲಿ ಒಂದು ಮಾತು ಅಪ್ರಸ್ತುತವಾಗದು. ಕಟಪಾಡಿಯ ಪಡುವಣ ದಿಕ್ಕಿನಲ್ಲಿ, ಹೊಳೆಗೂ ಕಡಲಿಗೂ ನಡುವೆ ಇರುವ ಈ ಊರು ಗುಳ್ಳಕ್ಕೆ ಪ್ರಸಿದ್ಧ. ವಾದಿರಾಜ ಸ್ವಾಮಿಗಳ ಹೆಸರಿನೊಡನೆ ಐತಿಹ್ಯದಲ್ಲಿ ಕೂಡಿಕೊಂಡಿರುವ ಆ ಬದನೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಬೀಜವನ್ನು ಬೇರೆಡೆಗೆ ಒಯ್ದು ಬಿತ್ತಿದರೆ ಗಿಡವು ಬರುತ್ತದೆ, ಕಾಯಿಯೂ ಬಿಡುತ್ತದೆ, ರುಚಿ ಮಾತ್ರ ಬಾರದೆಂದು ಇಲ್ಲಿಯ ಬೆಳೆಗಾರರ ಹೇಳಿಕೆ. ಯಕ್ಷಗಾನದಲ್ಲಿ ‘ಮಟ್ಟು’ ಎಂಬ ಮಾತಿಗೆ ಹಾಡಿನ ಧಾಟಿಯೆಂದು ಅರ್ಥ. ಊರಿನ ಹೆಸರಿಗೂ ಹಾಡಿನ ಮಾತಿಗೂ ಸಂಬಂಧವಿದೆಯೆಂದು ನಾವು ವಾದಿಸುವುದಿಲ್ಲ, ಭಾಷಾಶಾಸ್ತ್ರಜ್ಞರು ನಕ್ಕಾರು. ಆದರೆ ಧಾಟಿಗೂ ನೆಲಕ್ಕೂ ನಂಟು ಎಷ್ಟು ಎಂಬ ಪ್ರಶ್ನೆಯನ್ನು ಮದ್ದಳೆಯ ವಿಷಯದಲ್ಲಿ ಕೇಳಲೇಬೇಕಾಗಿದೆ. ಆಶ್ಟನ್ ಅವರಂಥ ಶಿಷ್ಯರು ಬರೆದ ಪುಸ್ತಕದಿಂದ ತಿಳಿವಳಿಕೆಯು ಸಾಗರವನ್ನು ದಾಟಿತು. ನುಡಿತವು ದಾಟಿತೆ? ದಾಟಿದ್ದರೆ ಅಲ್ಲಿ ಎರಡನೆಯ ತಲೆಮಾರಿನ ಮದ್ದಳೆಗಾರರು ಕಾಣಬೇಕಾಗಿತ್ತು.

ಇಲ್ಲಿ ನಮ್ಮ ವಿಭಾಗಗಳ ಹೊಣೆಯ ಮಾತು ಬರುತ್ತದೆ. ಮೇಳದ ಕಲಿಕೆಯು ಹಿಂದಿನಂತೆ ಇಲ್ಲ. ಆಟವು ಇರುಳಿಡೀ ನಡೆಯುವುದೂ ಅನೇಕ ಕಡೆ ನಿಂತು, ಕಾಲಮಿತಿಯ ಪ್ರಯೋಗಗಳು ಬಂದಿವೆ. ಮೂರು ಗಂಟೆಗಳ ಪ್ರಯೋಗದಲ್ಲಿ ಒಡ್ಡೋಲಗಕ್ಕೆ ಹತ್ತು ನಿಮಿಷವೂ ಸಿಗದಿರುವಾಗ ಅದರ ನುಡಿತಗಳನ್ನು ಕಲಿಯುವವನು ಯಾವ ಆಸೆಯಿಂದ ಕಲಿಯಬೇಕು? ಕೇಂದ್ರಗಳು ತಮ್ಮ ಕೆಲಸವನ್ನು ಮಾಡುತ್ತಿವೆ. ಎಂ.ಜಿ.ಎಂ. ಕಾಲೇಜಿನ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರವು ಧ್ವನಿಮುದ್ರಣದ ಕೆಲಸವನ್ನು ಬಹು ಹಿಂದೆಯೇ ಕೈಗೊಂಡಿತು. ಧ್ವನಿಮುದ್ರಣವು ಸಂಗ್ರಹ, ಅಧ್ಯಯನವು ಅದರ ಮುಂದಿನ ಹೆಜ್ಜೆ. ಆ ಹೆಜ್ಜೆಯನ್ನಿಡಲು ಸಂಗೀತವನ್ನು ಅರಿಯದ ಸಾಹಿತ್ಯದ ವಿದ್ಯಾರ್ಥಿಗೂ, ಸಾಹಿತ್ಯವನ್ನು ಅರಿಯದ ಭೌತಶಾಸ್ತ್ರದ ವಿದ್ಯಾರ್ಥಿಗೂ ಒಂಟಿಯಾಗಿ ಸಾಧ್ಯವಿಲ್ಲ. ಪ್ರಸಂಗದ ಒಂದು ಪದ್ಯವನ್ನು ತೆಗೆದುಕೊಂಡು, ಅದರ ಛಂದಸ್ಸು, ಭಾಗವತನ ಧಾಟಿ, ಮದ್ದಳೆಯ ನುಡಿತ, ನಟನ ಹೆಜ್ಜೆ, ಇವು ನಾಲ್ಕನ್ನೂ ಒಂದೇ ಹಾಳೆಯ ಮೇಲೆ ಒಂದರ ಕೆಳಗೊಂದು ಬರೆದು ತೋರಿಸಿದ ಪ್ರಬಂಧವು ನಮ್ಮ ಕಡೆಯಿಂದ ಬಂದರೆ ಅದು ಹತ್ತು ಪಾತ್ರವಿಮರ್ಶೆಗಳಿಗಿಂತ ಹೆಚ್ಚಿನದಾದೀತು. ಛಂದಸ್ಸಿನ ಪುಸ್ತಕಗಳಲ್ಲಿ ನಾವು ಮಾತ್ರಾಗಣವೆಂದು ಎಣಿಸುವುದನ್ನು ಮದ್ದಳೆಗಾರನ ಕೈ ಎಲ್ಲಿ ಒಪ್ಪುತ್ತದೆ, ಎಲ್ಲಿ ಎಳೆದು ಹಿಗ್ಗಿಸುತ್ತದೆ ಎಂಬುದು ಕನ್ನಡ ಛಂದಸ್ಸಿನ ಪ್ರಶ್ನೆಯೇ ಹೊರತು ಹೊರಗಿನದಲ್ಲ.

ಪ್ರಬಂಧದ ಪರೀಕ್ಷಕರ ಸಮಿತಿಯಲ್ಲಿ ಮದ್ದಳೆಗಾರನೊಬ್ಬನು ಕುಳಿತುಕೊಳ್ಳಬಹುದೆ ಎಂದು ಕೇಳಿದರೆ ನಿಯಮಗಳು ಅಡ್ಡಬರುತ್ತವೆ. ಪದವಿಯಿಲ್ಲದವನು ಪರೀಕ್ಷಕನಾಗಲಾರ. ಅರವತ್ತು ವರ್ಷ ನುಡಿಸಿದವನ ತೀರ್ಪನ್ನು ಟಿಪ್ಪಣಿಯಲ್ಲಿ ‘ಸಂದರ್ಶನ’ವೆಂದು ಸೇರಿಸಿ, ಅದರ ಮೇಲೆ ನಾವು ಪದವಿಯನ್ನು ಪಡೆಯುತ್ತೇವೆ. ಗೋಪಾಲರಾಯರ ಕಾಲದಲ್ಲಿ ಹಾಗೆ ನಡೆಯಿತು. ಇಂದಿಗೂ ಅದು ಹಾಗೆಯೇ ಇದೆ.

ಕೂಡಲೇ ಆಗಬೇಕಾದ ಕೆಲಸವೊಂದನ್ನು ಇಲ್ಲಿ ಸೂಚಿಸುತ್ತೇವೆ. ಏರು ಮದ್ದಳೆಯು ರೂಢಿಗೆ ಬರುವ ಮೊದಲಿನ ತಗ್ಗು ಶ್ರುತಿಯ ಮದ್ದಳೆಗಳ ಕಟ್ಟೆಗಳು, ಮುಚ್ಚಿಗೆ ಹರಿದು ಬಾರು ಸಡಿಲಗೊಂಡು, ಬ್ರಹ್ಮಾವರ, ಬಾರ್ಕೂರು, ಕುಂದಾಪುರದ ಕಡೆಯ ಹಳೆಯ ಕಲಾವಿದರ ಮನೆಗಳ ಅಟ್ಟದಲ್ಲಿ ಇರುವುದು ಅಸಂಭವವಲ್ಲ. ಅವುಗಳ ಉದ್ದ, ಎರಡೂ ಬಾಯಿಗಳ ಅಗಲ, ಮರದ ದಪ್ಪ ಇವುಗಳನ್ನು ಅಳೆದು ಬರೆದಿಡಲು ವಿದ್ಯಾರ್ಥಿಯೊಬ್ಬನಿಗೆ ಒಂದು ಬೇಸಗೆಯ ರಜೆ ಸಾಕು. ಅವುಗಳಲ್ಲಿ ಒಂದೆರಡಕ್ಕಾದರೂ ಹೊಸ ಮುಚ್ಚಿಗೆಯನ್ನು ಕಟ್ಟಿಸಿ, ಕರ್ಣೆ ಹಾಕಿಸಿ, ಶ್ರುತಿಯನ್ನು ಅಳೆದು, ಏರು ಮದ್ದಳೆಯ ಪಕ್ಕದಲ್ಲಿಟ್ಟು ಅದೇ ನುಡಿತವನ್ನು ಎರಡರ ಮೇಲೂ ನುಡಿಸಿ ಕೇಳಬೇಕು. ಕರ್ಣೆಯನ್ನು ಹಳೆಯ ಕ್ರಮದಲ್ಲಿ ಕೂರಿಸಬಲ್ಲವರು ಈಗ ಕೆಲವರೇ ಉಳಿದಿದ್ದಾರೆ.